ಜೇನ್ ಜೇಕಬ್ಸ್ ಅಂದ್ರೆ ಬರೀ ಗೃಹಿಣಿ ಅಲ್ಲ, ಎಡಿಟರ್

ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಕೇಳ್ತಿದ್ರೆ ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡ್ಕೊಳ್ಳಿ.

ಇವತ್ತು ಜೇನ್ ಜೇಕಬ್ಸ್ ಬಗ್ಗೆ ಮಾತಾಡೋಣ. ನಗರಗಳ ಬಗ್ಗೆ ವಿಡಿಯೋ ನೋಡೋರಿಗೆ ಈ ಹೆಸರು ಪರಿಚಯ ಇರುತ್ತೆ. ನ್ಯೂಯಾರ್ಕ್‌ನಲ್ಲಿ ರಾಬರ್ಟ್ ಮೋಸೆಸ್ ಅನ್ನೋ ಪ್ರಬಲ ಅಧಿಕಾರಿಯ ಹೆದ್ದಾರಿ ಯೋಜನೆಗೆ ಅಡ್ಡ ನಿಂತವರು. ಈ ಕಥೆಯನ್ನ ಸಾಮಾನ್ಯವಾಗಿ ಹೇಗೆ ಶುರು ಮಾಡ್ತಾರೆ ಗೊತ್ತಾ? ‘ಮೂರು ಮಕ್ಕಳ ತಾಯಿ, ಸಾಮಾನ್ಯ ಗೃಹಿಣಿಯೊಬ್ಬಳು’ ಅಂತ. ಕೇಳೋಕೆ ಚೆನ್ನಾಗಿರುತ್ತೆ. ಆದ್ರೆ ನನ್ನ ತಕರಾರು ಇರೋದೇ ಇಲ್ಲಿ. 1961ರಲ್ಲಿ ಆಕೆಯ ಪುಸ್ತಕ ‘ದ ಡೆತ್ ಅಂಡ್ ಲೈಫ್ ಆಫ್ ಗ್ರೇಟ್ ಅಮೆರಿಕನ್ ಸಿಟೀಸ್’ ಬಂದಾಗ ಆಕೆಗೆ 45 ವರ್ಷ. ಅದರ ಹಿಂದೆ ಪತ್ರಿಕೆಗಳಲ್ಲಿ ದುಡಿದ ಎರಡು ದಶಕ ಇತ್ತು. ಆ ಕೆಲಸವನ್ನ ಅಳಿಸಿಬಿಟ್ರೆ ಪುಸ್ತಕ ಎಲ್ಲಿಂದ ಬಂತು ಅನ್ನೋದೇ ಅರ್ಥ ಆಗಲ್ಲ.

ಹುಟ್ಟಿದ್ದು 1916ರಲ್ಲಿ, ಪೆನ್ಸಿಲ್ವೇನಿಯಾದ ಸ್ಕ್ರಾಂಟನ್ ಅನ್ನೋ ಕಲ್ಲಿದ್ದಲು ಊರಲ್ಲಿ. ತಂದೆ ಡಾಕ್ಟರು. ಹೈಸ್ಕೂಲ್ ಮುಗಿದ ಮೇಲೆ ಕಲಿತದ್ದು ಶಾರ್ಟ್‌ಹ್ಯಾಂಡ್, ಟೈಪಿಂಗ್. (ಬಿಕಾಂ ಓದಿದ ನನಗೆ ಈ ಭಾಗ ಸ್ವಲ್ಪ ಜಾಸ್ತಿನೇ ಇಷ್ಟ.) ಊರ ಪತ್ರಿಕೆಯಲ್ಲಿ ಸಂಬಳ ಇಲ್ಲದೆ ದುಡಿದು, 1934ರಲ್ಲಿ ನ್ಯೂಯಾರ್ಕ್‌ಗೆ ಬಂದರು. ಅಮೆರಿಕದಲ್ಲಿ ಆಗ ಆರ್ಥಿಕ ಕುಸಿತದ ಕಾಲ. ಕೆಲಸ ಹುಡುಕುತ್ತಾ ಅಲೆದ ಬೀದಿಗಳ ಬಗ್ಗೆಯೇ ಬರೆದರು: ತುಪ್ಪಳದ ವ್ಯಾಪಾರ, ಚರ್ಮದ ವ್ಯಾಪಾರ, ವಜ್ರ, ಹೂವು. ‘ವೋಗ್’ ಪತ್ರಿಕೆ ಅವನ್ನ ಕೊಂಡುಕೊಂಡಿತು, ಒಂದಕ್ಕೆ 40 ಡಾಲರ್. ಫ್ಯಾಷನ್ ಪತ್ರಿಕೆಗೆ ಬರೆದರೂ ಕಣ್ಣಿದ್ದದ್ದು ಉಡುಪಿನ ಮೇಲಲ್ಲ. ಸರಕು ಯಾರ ಕೈಯಿಂದ ಯಾರ ಕೈಗೆ ಹೋಗುತ್ತೆ, ಈ ಕಸುಬು ಈ ಬೀದಿಯಲ್ಲೇ ಯಾಕೆ ಕೂತಿದೆ ಅನ್ನೋದರ ಮೇಲೆ.

ಕೊಲಂಬಿಯಾ ಯೂನಿವರ್ಸಿಟಿಯಲ್ಲಿ ಎರಡು ವರ್ಷ ತಮಗೆ ಬೇಕಾದ ವಿಷಯಗಳನ್ನ ಓದಿದರು. ಡಿಗ್ರಿ ಮಾತ್ರ ಆಗಲಿಲ್ಲ. ಆಮೇಲೆ ‘ಐರನ್ ಏಜ್’ ಅನ್ನೋ ಲೋಹೋದ್ಯಮದ ಪತ್ರಿಕೆಗೆ ಸೆಕ್ರೆಟರಿಯಾಗಿ ಸೇರಿ ಅಸೋಸಿಯೇಟ್ ಎಡಿಟರ್ ಆದರು. ಯುದ್ಧದ ನಂತರ ಸೋವಿಯತ್ ಓದುಗರಿಗಾಗಿ ಅಮೆರಿಕ ಸರ್ಕಾರ ರಷ್ಯನ್ ಭಾಷೆಯಲ್ಲಿ ತರ್ತಿದ್ದ ‘ಅಮೆರಿಕಾ’ ಪತ್ರಿಕೆ. ಕೊನೆಗೆ 1952ರಲ್ಲಿ ‘ಆರ್ಕಿಟೆಕ್ಚರಲ್ ಫೋರಂ’.

ಇಲ್ಲಿಂದ ಅಸಲಿ ಕಥೆ. ಫೋರಂನಲ್ಲಿ ಆಕೆಗೆ ಕೊಟ್ಟ ವಿಭಾಗ ಆಸ್ಪತ್ರೆ ಮತ್ತು ಶಾಲಾ ಕಟ್ಟಡಗಳದ್ದು. ನಕ್ಷೆ ಓದೋಕೆ ಬರ್ತಿರಲಿಲ್ಲ. ಗಂಡ ರಾಬರ್ಟ್ ಜೇಕಬ್ಸ್ ಆರ್ಕಿಟೆಕ್ಟ್, ಮನೆಯಲ್ಲಿ ಕೂರಿಸಿ ಬ್ಲೂಪ್ರಿಂಟ್ ಓದೋದು ಕಲಿಸಿದರು. ಆಮೇಲೆ ನಗರಗಳ ಪುನರಾಭಿವೃದ್ಧಿಯ ಬಗ್ಗೆ ಬರೆಯೋ ಕೆಲಸ ಬಂತು. ಹಳೇ ಬಡಾವಣೆ ಕೆಡವಿ, ಮಧ್ಯೆ ಹುಲ್ಲುಹಾಸು ಬಿಟ್ಟು, ಉದ್ದುದ್ದ ಕಟ್ಟಡ ಎಬ್ಬಿಸೋ ಕಾಲ ಅದು. ಮೇಜಿನ ಮೇಲೆ ಆ ಡ್ರಾಯಿಂಗ್‌ಗಳು ತುಂಬಾ ಸುಂದರ. ಮರದ ನೆರಳು, ಕೈ ಹಿಡಿದು ನಡೆಯೋ ಕುಟುಂಬ, ಎಲ್ಲಾ ಇರುತ್ತೆ. ಆರಂಭದಲ್ಲಿ ಆಕೆಯೂ ಮೆಚ್ಚಿಯೇ ಬರೆದರು.

ಆಮೇಲೆ ಕಟ್ಟಿ ಮುಗಿದದ್ದನ್ನ ನೋಡೋಕೆ ಫಿಲಡೆಲ್ಫಿಯಾಗೆ ಹೋದರು. ಆ ನಗರದ ಮುಖ್ಯ ಯೋಜಕ ಎಡ್ಮಂಡ್ ಬೇಕನ್ ಅವರೇ ಸುತ್ತಾಡಿಸಿದರು. ಜೇನ್ ಮುಂದೆ ಹೇಳಿಕೊಂಡ ಪ್ರಕಾರ, ಮೊದಲು ತೋರಿಸಿದ್ದು ಕೆಡವಬೇಕಾಗಿರೋ ಬೀದಿ. ಅಲ್ಲಿ ಜನವೋ ಜನ. ಮೆಟ್ಟಿಲ ಮೇಲೆ ಕೂತವರು, ಕಿಟಕಿಯಿಂದ ಇಣುಕೋರು. ಆಮೇಲೆ ಹೊಸದಾಗಿ ಮಾಡಿದ ಬೀದಿ. ಚೊಕ್ಕಟವಾಗಿದೆ, ನೇರವಾಗಿದೆ, ಆದ್ರೆ ಅಲ್ಲಿದ್ದದ್ದು ಟೈರ್ ಒಂದನ್ನ ಒದೀತಾ ನಿಂತ ಒಬ್ಬ ಹುಡುಗ. ಜನ ಎಲ್ಲಿ ಅಂತ ಕೇಳಿದರೆ ಬೇಕನ್‌ಗೆ ಆ ಪ್ರಶ್ನೆಯಲ್ಲಿ ಆಸಕ್ತಿಯೇ ಇರಲಿಲ್ಲವಂತೆ.

ಕೆಲಸದಲ್ಲಿರೋರು ಇಲ್ಲೊಂದು ಕ್ಷಣ ನಿಲ್ಲಿ. ಆಕೆಯ ಪತ್ರಿಕೆಯನ್ನ ಓದ್ತಿದ್ದದ್ದು ಯಾರು? ಕಟ್ಟೋರು. ಆರ್ಕಿಟೆಕ್ಟ್‌ಗಳು, ಬಿಲ್ಡರ್‌ಗಳು. ಡ್ರಾಯಿಂಗ್ ಚೆನ್ನಾಗಿದೆ ಅಂತ ಬರೆದು, ತಿಂಗಳ ಸಂಬಳ ತಗೊಂಡು ಸುಮ್ಮನಿರಬಹುದಿತ್ತು. ಯಾರೂ ಪ್ರಶ್ನೆ ಮಾಡ್ತಿರಲಿಲ್ಲ.

ಆ ಹೊತ್ತಿಗೆ ಈಸ್ಟ್ ಹಾರ್ಲೆಮ್‌ನಲ್ಲಿ ಸಮುದಾಯ ಕೇಂದ್ರ ನಡೆಸ್ತಿದ್ದ ವಿಲಿಯಂ ಕರ್ಕ್ ತಮ್ಮ ಪ್ರದೇಶವನ್ನ ನಡೆಸಿಕೊಂಡೇ ತೋರಿಸಿದರು. ಸರ್ಕಾರಿ ವಸತಿ ಯೋಜನೆಗಳಿಗಾಗಿ ಅಲ್ಲಿ ಸಾವಿರಕ್ಕೂ ಹೆಚ್ಚು ಅಂಗಡಿಗಳು ಹೋಗಿದ್ದವು. ನಾನು ಲೆಕ್ಕಪತ್ರ ಓದಿದವನು, ಅಂಗಡಿ ಅಂದ್ರೆ ಮಾರಾಟ ಅಂತ ಯೋಚಿಸ್ತೀನಿ. ಜೇನ್ ನೋಡಿದ್ದು ಬೇರೆ. ಅಂಗಡಿ ಅಂದ್ರೆ ಸುದ್ದಿ ಸಿಗೋ ಜಾಗ, ಕೀಲಿ ಕೊಟ್ಟು ಹೋಗೋ ಜಾಗ, ಮಕ್ಕಳ ಮೇಲೆ ಒಂದು ಕಣ್ಣು. ಹೊಸ ವಸತಿ ಸಮುಚ್ಚಯವೊಂದರಲ್ಲಿ ದೊಡ್ಡವರು ಒಬ್ಬರಿಗೊಬ್ಬರು ಸಿಗೋಕೆ ಉಳಿದಿದ್ದ ಜಾಗ ಅಂದ್ರೆ ನೆಲಮಾಳಿಗೆಯ ಬಟ್ಟೆ ಒಗೆಯೋ ಕೋಣೆ!

1956ರಲ್ಲಿ ಹಾರ್ವರ್ಡ್‌ನಲ್ಲಿ ನಗರ ವಿನ್ಯಾಸದ ಸಮ್ಮೇಳನ. ಮಾತಾಡಬೇಕಿದ್ದ ಎಡಿಟರ್ ಡಗ್ಲಸ್ ಹ್ಯಾಸ್ಕೆಲ್‌ಗೆ ಹೋಗೋಕಾಗಲಿಲ್ಲ, ಬದಲಿಗೆ ಜೇನ್‌ರನ್ನ ಕಳಿಸಿದರು. ವೇದಿಕೆ ಅಂದ್ರೆ ಆಕೆಗೆ ಭಯ. ಆದ್ರೂ ದೇಶದ ದೊಡ್ಡ ದೊಡ್ಡ ಆರ್ಕಿಟೆಕ್ಟ್‌ಗಳ ಮುಂದೆ ಈ ಅಂಗಡಿಗಳ ಬಗ್ಗೆಯೇ ಮಾತಾಡಿದರು. ಆ ಭಾಷಣದ ಸುದ್ದಿ ಹಬ್ಬಿತು. 1958ರಲ್ಲಿ ‘ಫಾರ್ಚೂನ್’ ಪತ್ರಿಕೆಯಲ್ಲಿ ದೊಡ್ಡ ಲೇಖನ, ಅದರ ಬೆನ್ನಿಗೇ ರಾಕ್‌ಫೆಲ್ಲರ್ ಫೌಂಡೇಶನ್‌ನ ಧನಸಹಾಯ, ಕೆಲಸಕ್ಕೆ ರಜೆ, ಆಮೇಲೆ ಪುಸ್ತಕ.

ಪುಸ್ತಕದ ಮೇಲೆ ಸಿಟ್ಟಾದವರಲ್ಲಿ ಲೂಯಿಸ್ ಮಮ್‌ಫೋರ್ಡ್ ಒಬ್ಬರು. ಅಮೆರಿಕದ ಅತಿ ಗೌರವದ ವಾಸ್ತುಶಿಲ್ಪ ವಿಮರ್ಶಕ. 1962ರ ‘ನ್ಯೂಯಾರ್ಕರ್’ ವಿಮರ್ಶೆಯ ಶೀರ್ಷಿಕೆಯಲ್ಲೇ ಇದನ್ನ ‘ಅಮ್ಮನ ಮನೆಮದ್ದು’ ಅನ್ನೋ ಅರ್ಥದಲ್ಲಿ ಛೇಡಿಸಿದರು. ತಮಾಷೆ ಅಂದ್ರೆ, ಮಮ್‌ಫೋರ್ಡ್ ಅವರದ್ದೂ ಡಿಗ್ರಿ ಮುಗಿದಿರಲಿಲ್ಲ. ಆದ್ರೆ ಅವರನ್ನ ಯಾರೂ ‘ಅಪ್ಪ’ ಅಂತ ಕರೆದು ಪಕ್ಕಕ್ಕೆ ಸರಿಸಲಿಲ್ಲ.

ಜೇನ್ ಹೇಳಿದ್ದೆಲ್ಲಾ ಸರಿ ಅಂತ ನಾನು ಹೇಳ್ತಿಲ್ಲ. ಗ್ರೀನ್‌ವಿಚ್ ವಿಲೇಜ್‌ನಲ್ಲಿ ಆಕೆಯ ಕುಟುಂಬ ಇದ್ದ 555, ಹಡ್ಸನ್ ಸ್ಟ್ರೀಟ್ ಮೊದಲು ಮಿಠಾಯಿ ಅಂಗಡಿ ಇದ್ದ ಕಟ್ಟಡ. ಇವತ್ತು ಆ ಬೀದಿಯ ಬಾಡಿಗೆಗೆ ಸಣ್ಣ ಮಿಠಾಯಿ ಅಂಗಡಿಯವನು ಅಲ್ಲಿ ಕಾಲಿಡೋದೇ ಕಷ್ಟ. ಚೆನ್ನಾಗಿರೋ ಬೀದಿಯನ್ನ ದುಡ್ಡಿದ್ದವರು ಕೊಂಡುಕೊಂಡರೆ ಏನು ಮಾಡೋದು, ಕರಿಯ ಜನರನ್ನ ಮನೆ ಸಾಲದಿಂದ, ಬಡಾವಣೆಗಳಿಂದ ಹೊರಗಿಟ್ಟ ವ್ಯವಸ್ಥೆಗೆ ಏನು ಮಾಡೋದು, ಇದಕ್ಕೆ ಆ ಪುಸ್ತಕದಲ್ಲಿ ಸಿಗೋ ಉತ್ತರ ನನಗೆ ಸಾಲದು.

1968ರಲ್ಲಿ ಕುಟುಂಬ ಕೆನಡಾದ ಟೊರಾಂಟೊಗೆ ಹೋಯಿತು. ವಿಯೆಟ್ನಾಂ ಯುದ್ಧಕ್ಕೆ ಗಂಡುಮಕ್ಕಳನ್ನ ಕಳಿಸೋಕೆ ಇಷ್ಟ ಇರಲಿಲ್ಲ. ಅಲ್ಲೂ ಹೆದ್ದಾರಿ ವಿರುದ್ಧ ಹೋರಾಟ, ಇನ್ನಷ್ಟು ಪುಸ್ತಕಗಳು. 2006ರಲ್ಲಿ, 89ನೇ ವಯಸ್ಸಲ್ಲಿ ತೀರಿಕೊಂಡರು.

ಓದಬೇಕು ಅನ್ನಿಸಿದ್ರೆ ಪಾದಚಾರಿ ದಾರಿಗಳ ಬಗ್ಗೆ ಇರೋ ಮೊದಲ ಅಧ್ಯಾಯಗಳಿಂದ ಶುರು ಮಾಡಿ. ವರ್ಷಗಟ್ಟಲೆ ನಕ್ಷೆ, ಫೋಟೋಗಳ ಮಧ್ಯೆ ಕೆಲಸ ಮಾಡಿದ ಈ ಎಡಿಟರ್ ತನ್ನ ಪುಸ್ತಕದಲ್ಲಿ ನಗರದ ಒಂದು ಫೋಟೋನೂ ಹಾಕಿಲ್ಲ. ಚಿತ್ರ ಬೇಕಿದ್ದರೆ ಸುತ್ತಲಿನ ಊರನ್ನೇ ನೋಡಿ ಅಂತ ಆರಂಭದಲ್ಲೇ ಹೇಳಿಬಿಡ್ತಾರೆ.