ಸಣ್ಣ ಪಟ್ಟಣದ ಕೊಳಚೆ, ಕೆಳಗಿನ ಊರಿನ ಕುಡಿಯುವ ನೀರು



ಕೊಳಚೆ ನೀರಿನ ಮಾತು ಬಂದಾಗಲೆಲ್ಲ ನಾವು ಬೆಂಗಳೂರಿನ ವೃಷಭಾವತಿಯಿಂದ ಶುರು ಮಾಡುತ್ತೇವೆ. ಇವತ್ತು ಹೊಳೆದಂಡೆಯ ಸಣ್ಣ ಊರುಗಳ ಕಡೆ ನೋಡೋಣ. ಮೇಲಿನ ಊರಿನ ಚರಂಡಿ ಹೊಳೆ ಸೇರಿದ ಮೇಲೆ ಅದೇ ನೀರನ್ನು ಕುಡಿಯಲೆಂದು ಕೆಳಗಿನ ಊರಿನ ಜಾಕ್‌ವೆಲ್ ಎತ್ತುತ್ತದೆ. ಮಳೆಗಾಲದಲ್ಲಿ ಹೊಳೆಯೇ ತೊಳೆದುಕೊಂಡು ಹೋಗುತ್ತದೆ. ಏಪ್ರಿಲ್‌ನಲ್ಲಿ ಹೊಳೆ ಸೊರಗಿದಾಗ ನಮ್ಮ ಕೆಲಸದ ನಿಜವಾದ ಪರೀಕ್ಷೆ.

ಶುದ್ಧಿ ಮಾಡಿ ಹೊಳೆಗೆ ಬಿಡುವ ಕೊಳಚೆ ನೀರನ್ನು ಅಳೆಯುವಾಗ ನಮ್ಮ ಕಣ್ಣೆಲ್ಲ ಬಿಓಡಿ ಮೇಲೆ, ಅಂದರೆ ಅದರಲ್ಲಿನ ಕೊಳೆಯನ್ನು ಅರಗಿಸಲು ಜೀವಾಣುಗಳಿಗೆ ಬೇಕಾಗುವ ಆಮ್ಲಜನಕದ ಮೇಲೆ. 2017ರ ಕೇಂದ್ರ ಅಧಿಸೂಚನೆ ಮಹಾನಗರಗಳಿಗೆ ಲೀಟರಿಗೆ 20 ಮಿಲಿಗ್ರಾಂ, ಉಳಿದೆಡೆ 30 ಎಂದು ಮಿತಿ ಹಾಕಿತು. 2015ರ ಕರಡಿನಲ್ಲಿದ್ದ ಅಮೋನಿಯಾ ಮಿತಿ ಅದರಲ್ಲಿ ಉಳಿಯಲಿಲ್ಲ. ಮಿತಿಗಳು ಇನ್ನೂ ಬಿಗಿಯಾಗಬೇಕೆಂದು 2019ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು. ಕೆಳಗಿನ ಊರಿನಲ್ಲಿ ನೀರು ಶುದ್ಧಿ ಮಾಡುವವರನ್ನು ಕಾಡುವುದು ಈ ಅಮೋನಿಯಾವೇ. ಅಮೋನಿಯಾ ರೂಪದ 1 ಮಿಲಿಗ್ರಾಂ ಸಾರಜನಕ ಎಂಟರಿಂದ ಹತ್ತು ಮಿಲಿಗ್ರಾಂ ಕ್ಲೋರಿನ್ ನುಂಗುತ್ತದೆ. ಅಷ್ಟು ಹಾಕದಿದ್ದರೆ ಕ್ರಿಮಿ ಕೊಲ್ಲುವ ಶಕ್ತಿ ಕುಂದಿದ ನೀರೇ ನಲ್ಲಿಗೆ ಹೋಗುತ್ತದೆ. ಅಮೋನಿಯಾ ಕಳೆಯಬೇಕಾದರೆ ಮೇಲಿನ ಊರಿನ ಕೊಳಚೆ ಶುದ್ಧೀಕರಣ ಘಟಕದ ಏರೇಷನ್ ತೊಟ್ಟಿಗೆ ಹಗಲೂ ರಾತ್ರಿ ಗಾಳಿ ಬೇಕು. ಕರೆಂಟು ಉಳಿಸಲು ರಾತ್ರಿ ಬ್ಲೋವರ್ ನಿಲ್ಲಿಸುವ ಘಟಕದಲ್ಲಿ ಅದು ಆಗದ ಮಾತು.

ಇನ್ನು ಪ್ರಯೋಗಾಲಯದ ವರದಿ. ನಮ್ಮಲ್ಲಿ ಬಿಓಡಿ ಪರೀಕ್ಷೆಗೆ 27 ಡಿಗ್ರಿಯಲ್ಲಿ ಮೂರು ದಿನ ಇಡಬೇಕು. ಫಲಿತಾಂಶ ಕೈಗೆ ಬರುವಷ್ಟರಲ್ಲಿ ಆ ನೀರನ್ನು ಯಾರೋ ಕುಡಿದಾಗಿರುತ್ತದೆ. ಆದ್ದರಿಂದ ನನ್ನ ನಂಬಿಕೆ ಒಂದು ಲೀಟರಿನ ಗಾಜಿನ ಜಾರ್ ಮೇಲೆ. ಏರೇಷನ್ ತೊಟ್ಟಿಯ ನೀರು ತುಂಬಿ ಅರ್ಧ ಗಂಟೆ ಅಲುಗಾಡಿಸದೆ ಇಡಿ. ಕಂದುಬಣ್ಣದ ಕೆಸರು ಹರಳುಗಟ್ಟಿದಂತೆ ಕೆಳಗಿಳಿದು, ಮೇಲೆ ತಿಳಿನೀರು ನಿಂತು, ಹಸಿಮಣ್ಣಿನ ವಾಸನೆ ಬಂದರೆ ಜೀವಾಣುಗಳು ಚೆನ್ನಾಗಿವೆ. ಕಪ್ಪಗಾಗಿ ಕೊಳೆತ ಮೊಟ್ಟೆಯ ನಾತ ಹೊಡೆದರೆ ಗಾಳಿ ಸಾಲದು. ಕೆಸರು ಇಳಿಯದೆ ಅರ್ಧ ಜಾರಿನಲ್ಲೇ ತೇಲುತ್ತಿದ್ದರೆ ಸಂಜೆಯೊಳಗೆ ಅದು ಹೊಳೆಗೆ ಹೋಗುತ್ತದೆ. ಇದನ್ನು ದಿನವೂ ನೋಡಿ ಪುಸ್ತಕದಲ್ಲಿ ಬರೆದಿಡುವ ಆಪರೇಟರ್ ಇರುವ ಘಟಕವೇ ಹೊಳೆಯನ್ನು ಕಾಯುವುದು. ಅಂಥವರನ್ನು ನಾವು ಹೊರಗುತ್ತಿಗೆಯಲ್ಲಿ, ತಿಂಗಳುಗಟ್ಟಲೆ ಸಂಬಳ ಬಾಕಿ ಉಳಿಸಿ ದುಡಿಸಿಕೊಳ್ಳುತ್ತೇವೆ. ಇದು ಅನ್ಯಾಯ.

ಹಾಗೆಂದು ಎಲ್ಲ ಊರಿಗೂ ಬ್ಲೋವರ್ ಬೇಕಿಲ್ಲ. ದೇವನಹಳ್ಳಿಯನ್ನು ನೋಡಿ. ಆಗ ಒಳಚರಂಡಿ ಇಲ್ಲದಿದ್ದ ಆ ಊರಿನಲ್ಲಿ 2015ರಲ್ಲಿ ಶೌಚಗುಂಡಿಗಳ ಮಲತ್ಯಾಜ್ಯಕ್ಕೆಂದೇ ಒಂದು ಘಟಕ ಶುರುವಾಯಿತು. ಸಾಮರ್ಥ್ಯ ದಿನಕ್ಕೆ 6,000 ಲೀಟರ್. ಟ್ಯಾಂಕರ್ ತಂದು ಸುರಿದದ್ದು ಇಳಿಜಾರಿನಲ್ಲೇ ಹರಿದು, ಕೊಳೆತು, ಒಣಗುಹಾಸಿನ ಮೇಲೆ ಒಣಗುತ್ತದೆ. ಊರಿನ ಹಸಿಕಸದ ಜೊತೆ ಬೆರೆತು ಗೊಬ್ಬರವಾಗುತ್ತದೆ. ಜಾಗ ಇದ್ದ ಕಡೆ, ಬಿಸಿಲು ಮತ್ತು ಪಾಚಿಯಿಂದಲೇ ನಡೆಯುವ ಕೊಳಗಳೂ ಸಾಕು. ಊರಿನ ಬೊಕ್ಕಸ ನಡೆಸಬಲ್ಲ ವಿನ್ಯಾಸವೇ ಒಳ್ಳೆಯ ವಿನ್ಯಾಸ.

ಮಧ್ಯಾಹ್ನದ ಗೋಷ್ಠಿಯಲ್ಲಿ ಟೆಂಡರ್ ಷರತ್ತುಗಳ ಬಗ್ಗೆ ಮಾತಾಡುವವರಲ್ಲಿ ನನ್ನದೊಂದು ವಿನಂತಿ. ಆಪರೇಟರ್ ಸಂಬಳ, ಜನರೇಟರಿನ ಡೀಸೆಲ್, ಬದಲಿ ಪಂಪು, ಈ ಮೂರಕ್ಕೂ ಬೇರೆ ಬೇರೆ ಬಾಬ್ತು ತೋರಿಸುವ ಕರಾರಿನ ಮಾದರಿಯೊಂದನ್ನು ಸಂಜೆಯೊಳಗೆ ಬರೆದುಕೊಡಿ. ಗುತ್ತಿಗೆದಾರರ ನಿರ್ವಹಣೆಯ ಅವಧಿ ಮುಗಿದ ಮರುದಿನ ಘಟಕದ ಬೀಗದ ಕೈ ಯಾರ ಹತ್ತಿರ ಇರಬೇಕು ಎಂಬುದನ್ನೂ ಅದರಲ್ಲಿ ಸ್ಪಷ್ಟವಾಗಿ ಬರೆಯಿರಿ. ಸಮಾರೋಪಕ್ಕೆ ಮೊದಲು ಎಲ್ಲರೂ ಸಹಿ ಮಾಡಿ ಪೌರಾಡಳಿತ ನಿರ್ದೇಶನಾಲಯಕ್ಕೆ ಕಳುಹಿಸೋಣ.