ಹಿಂದೆ ನಿಂತೇ 2,221 ರೆಕಾರ್ಡಿಂಗ್: ರಾನ್ ಕಾರ್ಟರ್ ಕಥೆ

ಶುರು ಮಾಡೋಕೆ ಮುಂಚೆ ಇಯರ್‌ಫೋನ್ ಹತ್ರ ಇಟ್ಕೊಳ್ಳಿ, ಕೊನೇಲಿ ಬೇಕಾಗುತ್ತೆ. ಯಾಕಂದ್ರೆ ಇವತ್ತಿನ ವಾದ್ಯ ಡಬಲ್ ಬಾಸ್. ಆಳೆತ್ತರದ ಪಿಟೀಲು ಅಂದ್ಕೊಳ್ಳಿ. ಅದರ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ. ಅಷ್ಟು ಕೆಳಗಿನ ಸ್ವರ ಮೊಬೈಲ್ ಸ್ಪೀಕರ್‌ಗೆ ನಿಲುಕೋದಿಲ್ಲ. ಬಾಸ್ ನುಡಿಸೋರ ಹಣೆಬರಹಾನೂ ಹೀಗೇ. ಇದ್ದಾಗ ಯಾರೂ ಗಮನಿಸಲ್ಲ, ಇಲ್ಲದಿದ್ರೆ ಹಾಡೇ ಕುಸಿಯುತ್ತೆ.

ರಾನ್ ಕಾರ್ಟರ್ ಹುಟ್ಟಿದ್ದು 1937ರಲ್ಲಿ, ಅಮೆರಿಕದ ಮಿಷಿಗನ್‌ನಲ್ಲಿ. ಹತ್ತನೇ ವಯಸ್ಸಿಗೆ ಕೈಗೆತ್ತಿಕೊಂಡಿದ್ದು ಚೆಲ್ಲೋ, ಬಾಸ್ ಅಲ್ಲ. ಡೆಟ್ರಾಯಿಟ್‌ನ ಹೈಸ್ಕೂಲಿನಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು: ಕಾರ್ಯಕ್ರಮಗಳಿಗೆ ಕರೆ ಬರೋದು ಬಿಳಿಯ ಹುಡುಗರಿಗೇ. ಆಗ ಶಾಲೆಯ ಆರ್ಕೆಸ್ಟ್ರಾದ ಬಾಸ್ ವಾದಕ ಓದು ಮುಗಿಸಿ ಹೊರಡೋದ್ರಲ್ಲಿದ್ದ. ಆ ಜಾಗ ಖಾಲಿಯಾದ್ರೆ ನನ್ನನ್ನ ಕರೀಲೇಬೇಕಲ್ವಾ ಅಂತ ಕಾರ್ಟರ್ ವಾದ್ಯವನ್ನೇ ಬದಲಾಯಿಸಿಬಿಟ್ರು. ಬಿಕಾಂನಲ್ಲಿ ನಾವು ಬೇಡಿಕೆ, ಪೂರೈಕೆ ಅಂತ ಓದ್ತೀವಿ. ಇಲ್ಲಿ ಒಬ್ಬ ಹುಡುಗ ಅದನ್ನ ಅವಮಾನದಿಂದ ಕಲಿತ.

ಆದ್ರೆ ಲೆಕ್ಕಾಚಾರ ಯಾವಾಗಲೂ ಕೈಹಿಡಿಯಲ್ಲ. ಈಸ್ಟ್‌ಮನ್ ಸಂಗೀತ ಶಾಲೆಯಲ್ಲಿ ಓದುವಾಗ ಖ್ಯಾತ ಕಂಡಕ್ಟರ್ ಲಿಯೋಪೋಲ್ಡ್ ಸ್ಟೊಕೊವ್‌ಸ್ಕಿ ಇವರ ವಾದನ ಕೇಳಿ ಮೆಚ್ಚಿಕೊಂಡ್ರು. ಆದ್ರೆ ಹ್ಯೂಸ್ಟನ್ ಆರ್ಕೆಸ್ಟ್ರಾಗೆ ಕಪ್ಪು ವಾದಕನನ್ನ ತಗೊಳ್ಳೋಕೆ ಅಲ್ಲಿಯ ಮಂದಿ ಒಪ್ಪಲ್ಲ ಅಂದುಬಿಟ್ರು. ಪ್ರತಿಭೆ ಸಾಕು, ಬಣ್ಣ ಸಾಲದು ಅಂದ ಹಾಗೆ.

ಕಾರ್ಟರ್ 1959ರಲ್ಲಿ ಪದವಿ ಮುಗಿಸಿದ್ರು, 1961ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ನಾತಕೋತ್ತರ ಪದವಿ. ಜೊತೆಜೊತೆಗೇ ಜಾಝ್. 1963ರಲ್ಲಿ ಮೈಲ್ಸ್ ಡೇವಿಸ್ ತಂಡ ಸೇರಿ, ಐದು ವರ್ಷ ಊರೂರು ತಿರುಗಿ ನುಡಿಸಿದ್ರು. 1968ರಲ್ಲಿ ಅಷ್ಟು ದೊಡ್ಡ ಬ್ಯಾಂಡ್ ಬಿಟ್ಟು ಫ್ರೀಲಾನ್ಸ್ ಆದ್ರು. 2015ರ ಹೊತ್ತಿಗೆ 2,221 ರೆಕಾರ್ಡಿಂಗ್‌ಗಳಲ್ಲಿ ಅವರ ಹೆಸರಿತ್ತು, ಗಿನ್ನೆಸ್ ದಾಖಲೆ. 1960ರಿಂದ ಲೆಕ್ಕ ಹಾಕಿದ್ರೆ ಸರಾಸರಿ ಒಂಬತ್ತು ದಿನಕ್ಕೊಂದು! ಬಹುಪಾಲು ಬೇರೆಯವರ ಹೆಸರಿನ ಆಲ್ಬಂಗಳು. 1991ರಲ್ಲಿ 'ಎ ಟ್ರೈಬ್ ಕಾಲ್ಡ್ ಕ್ವೆಸ್ಟ್' ಅನ್ನೋ ಹಿಪ್‌ಹಾಪ್ ತಂಡಕ್ಕೂ ನುಡಿಸಿದ್ರು.

ಇದರ ಮಧ್ಯೆಯೇ ಪಾಠ. ನ್ಯೂಯಾರ್ಕ್ ಸಿಟಿ ಕಾಲೇಜಿನಲ್ಲಿ ಸುಮಾರು ಎರಡು ದಶಕ, 2008ರಿಂದ ಜೂಲಿಯಾರ್ಡ್‌ನಲ್ಲಿ. ನಮ್ಮಲ್ಲಿ ಕಲಾವಿದರು ಕ್ಲಾಸ್ ತಗೊಂಡ್ರೆ 'ಪಾಪ, ಕಾರ್ಯಕ್ರಮ ಸಿಗ್ತಿಲ್ವೇನೋ' ಅಂತೀವಿ. ಕಾರ್ಟರ್ ವಿಷಯದಲ್ಲಿ ಆ ಮಾತು ನಿಲ್ಲಲ್ಲ. ವೇದಿಕೆ, ಸ್ಟುಡಿಯೋ, ಕ್ಲಾಸ್‌ರೂಮ್ ಮೂರೂ ಒಟ್ಟಿಗೆ ನಡೆದವು. ಫ್ರೀಲಾನ್ಸ್ ಮಾಡೋ ನಮ್ಮಂಥವರಿಗೆ ಇದು ಧೈರ್ಯ ಕೊಡೋ ವಿಷಯ: ಎರಡನೇ ಆದಾಯ ಅಂದ್ರೆ ಮೊದಲನೇದು ಸೋತಿದೆ ಅಂತ ಅರ್ಥ ಅಲ್ಲ.

ಹಾಗಂತ ಮುಚ್ಚಿದ ಬಾಗಿಲಿಗೆ ಥ್ಯಾಂಕ್ಸ್ ಹೇಳೋಣ ಅಂತ ನಾನು ಹೇಳಲ್ಲ. 1990ರ ದಶಕದಲ್ಲೂ ಕಾರ್ಟರ್ ಬಾಕ್‌ನ ಶಾಸ್ತ್ರೀಯ ಸಂಗೀತವನ್ನ ಬಾಸ್‌ನಲ್ಲಿ ರೆಕಾರ್ಡ್ ಮಾಡಿದ್ರು. ಆ ಪ್ರೀತಿ ಹೋಗಿರಲಿಲ್ಲ. ಅನ್ಯಾಯ ಅನ್ಯಾಯವೇ. ಅದರಾಚೆ ಅವರು ಕಟ್ಟಿದ್ದು ಅವರ ದುಡಿಮೆ.

ಈಗ ಇಯರ್‌ಫೋನ್ ಹಾಕ್ಕೊಂಡು ಮೈಲ್ಸ್ ಡೇವಿಸ್ ತಂಡ 1967ರಲ್ಲಿ ರೆಕಾರ್ಡ್ ಮಾಡಿದ 'ನೆಫರ್ಟಿಟಿ' ಕೇಳಿ. ಅದರಲ್ಲಿ ಟ್ರಂಪೆಟ್, ಸ್ಯಾಕ್ಸೊಫೋನ್ ಒಂದೇ ರಾಗವನ್ನ ಮತ್ತೆ ಮತ್ತೆ ನುಡಿಸ್ತವೆ. ಬದಲಾಗ್ತಾ ಹೋಗೋದು ಹಿಂದಿರೋ ಪಿಯಾನೋ, ಡ್ರಮ್ಸ್, ಬಾಸ್. ಒಂದ್ಸಲ ಬಾಸ್ ಒಂದನ್ನೇ ಹಿಂಬಾಲಿಸಿ. ಮುಂದಿನ ವಾರ ಸಿಗೋಣ.