ಒಬ್ಬ ನೋಡಿದರೆ ಊರೆಲ್ಲ



ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ಸಂಜೆ ಕೋಚಿಂಗ್ ಸೆಂಟರುಗಳು ಬಿಟ್ಟವೆಂದರೆ ಫುಟ್‌ಪಾತಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ಜಂಗುಳಿಯಲ್ಲಿ ತುಂಟ ಹುಡುಗನೊಬ್ಬ ಮೆಟ್ರೊ ಸೇತುವೆಯತ್ತ ಕಣ್ಣು ನೆಟ್ಟು ನಿಂತರೆ ಸಾಕು, ಪಕ್ಕದವನೂ ಕತ್ತೆತ್ತುತ್ತಾನೆ. ಮಿರ್ಚಿ ಬಜ್ಜಿ ಬಾಯಿಗಿಡುತ್ತಿದ್ದವನ ಕೈ ಅಲ್ಲೇ ನಿಲ್ಲುತ್ತದೆ. ಮೇಲೇನೂ ಇಲ್ಲ. ಹುಡುಗನ ಗೆಳೆಯರು ಬಿದ್ದು ಬಿದ್ದು ನಗುತ್ತಾರೆ.

ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1968ರಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಇದನ್ನೇ ಪ್ರಯೋಗವಾಗಿ ಮಾಡಿದರು. ಒಬ್ಬ ನಿಂತು ಆರನೆಯ ಮಹಡಿಯ ಕಿಟಕಿ ನೋಡಿದಾಗ ದಾರಿಹೋಕರಲ್ಲಿ ನೂರಕ್ಕೆ 4 ಮಂದಿ ನಿಂತರು. 15 ಜನ ನೋಡಿದಾಗ ನೂರಕ್ಕೆ 40 ಮಂದಿ.

ಕುರಿಮಂದೆ ಬುದ್ಧಿ ಎಂದು ಹಳಿಯುವುದು ಸುಲಭ. ನನಗೆ ಅದು ಒಪ್ಪಿಗೆಯಿಲ್ಲ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪಾರದರ್ಶಕ ಪೆಟ್ಟಿಗೆಯಿಂದ ಬಹುಮಾನ ತೆಗೆಯುವ ಬಗೆಯನ್ನು ಚಿಂಪಾಂಜಿಗಳಿಗೂ ಮೂರು ನಾಲ್ಕು ವರ್ಷದ ಮಕ್ಕಳಿಗೂ ತೋರಿಸಿದರು. ಬೇಕೆಂದೇ ನಡುವೆ ಕೆಲಸಕ್ಕೆ ಬಾರದ ಕುಟ್ಟಾಟ ಸೇರಿಸಿದ್ದರು. ಚಿಂಪಾಂಜಿಗಳು ಅದನ್ನು ಬಿಟ್ಟವು, ಮಕ್ಕಳು ಬಿಡಲಿಲ್ಲ. ದೊಡ್ಡವರು ಮಾಡಿದ್ದಾರೆಂದರೆ ಅದಕ್ಕೇನೋ ಕಾರಣವಿದ್ದೀತು ಎಂಬ ನಂಬಿಕೆ ಅದು. ಮಗು ಮಾತು ಕಲಿಯುವುದೂ ಮಗಳು ರೊಟ್ಟಿ ಬಡಿಯಲು ಕಲಿಯುವುದೂ ಈ ನಂಬಿಕೆಯಿಂದಲೇ. ಕೀಟಲೆ ಮಾಡುವವನು ಆಟವಾಡುವುದೂ ಈ ನಂಬಿಕೆಯ ಜೊತೆಯಲ್ಲೇ.

ಆದರೆ ಈ ನಂಬಿಕೆಯ ಆಟ ಎಲ್ಲ ಸಲವೂ ನಗುವಿನಲ್ಲಿ ಮುಗಿಯುವುದಿಲ್ಲ. ಕರಾಚಿಯ ಒಂದು ಸ್ವಯಂಸೇವಾ ಸಂಸ್ಥೆ ತಂದೆತಾಯಿಯರನ್ನು ಎಚ್ಚರಿಸಲು ಕಿರುಚಿತ್ರವೊಂದನ್ನು ಮಾಡಿಸಿತ್ತು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ, ಮರುಗಳಿಗೆಯೇ ತಂದು ಬಿಡುತ್ತಾರೆ. ಯಾರೋ ಆ ಕೊನೆಯ ಭಾಗ ಕತ್ತರಿಸಿ, ನಮ್ಮಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂದು ಹರಿಬಿಟ್ಟರು. 2018ರಲ್ಲಿ ಅದು ಭಾರತದ ಊರೂರು ಸುತ್ತಿತು. ಅದೇ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಗೆ ಹೈದರಾಬಾದಿನಿಂದ ಬಂದಿದ್ದ ಗೆಳೆಯರು ಶಾಲೆಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮುಂಚೆ ಮುರ್ಕಿ ಗ್ರಾಮ ತಲುಪಿತ್ತು. ಅಲ್ಲಿ ಗುಂಪು ಅವರ ಮೇಲೆ ಬಿತ್ತು. ಯುವ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರ ಜೀವ ಹೋಯಿತು. ಹೊಡೆದವರಲ್ಲಿ ಎಷ್ಟೋ ಜನ ಪಕ್ಕದವನು ಕೈಯೆತ್ತಿದ್ದನ್ನು ನೋಡಿ ಕೈಯೆತ್ತಿದವರೇ ಇರಬೇಕು.

ಅದೇ ತಿಂಗಳು ವಾಟ್ಸಾಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಷ್ಟೇ ಕಳುಹಿಸುವ ಮಿತಿ ಘೋಷಿಸಿತು. ಉಳಿದ ಮಿತಿ ನಮ್ಮ ಕೈಯಲ್ಲಿದೆ. ಗೆಳೆಯನ ಕತ್ತು ಮೇಲೆತ್ತಿಸಿ ನಗಬೇಕೆನಿಸಿದರೆ ನಗಿ. ಇಂದು ಬೆಳಿಗ್ಗೆ ನಿಮ್ಮ ಫೋನಿಗೆ ಭಯ ಹುಟ್ಟಿಸುವ ಸಂದೇಶವೇನಾದರೂ ಬಂದಿದ್ದರೆ, ಕಳುಹಿಸಿದವರಿಗೆ ಫೋನ್ ಮಾಡಿ, ನೀವು ಕಣ್ಣಾರೆ ಕಂಡಿರಾ ಎಂದು ಕೇಳಿ.